ಆಕಾಶದ ಹೇನು, ಅಪ್ಪನ ಊರುಗೋಲು

“ರೀ, ರೆಕ್ಕೆ ಎರಡು ಜೊತೆ ಬಂದಿದೆ. ಒಂದು ಜೊತೆ ವಾಪಸ್ ಕಳಿಸಬೇಕಾ?”

ರೇಡಿಯೊದಿಂದ ಹಾರಿಸೋ ಮಾಡೆಲ್ ವಿಮಾನದ ಡಬ್ಬ ಬಿಚ್ಚಿದ ದಿನ ನನ್ನ ಹೆಂಡತಿ ಕೇಳಿದ್ದು ಇದು. ಅವಳದ್ದೇನೂ ತಪ್ಪಿಲ್ಲ. ಹದಿನೈದು ವರ್ಷದಿಂದ ಊಟದ ಮೇಜಿನ ಮೇಲೆ ವಿಮಾನ ಸರಿಸಿ ಸರಿಸಿ ತಟ್ಟೆಗೆ ಜಾಗ ಮಾಡಿದವಳು. ದೊಡ್ಡ ರೆಕ್ಕೆ ಮುಂದೆ, ಚಿಕ್ಕದು ಬಾಲದಲ್ಲಿ ಅನ್ನೋ ಲೆಕ್ಕ ಅವಳಿಗೆ ಬಾಯಿಪಾಠ. ಈ ಡಬ್ಬದಲ್ಲಿ ನೋಡಿದರೆ ಎರಡೂ ದೊಡ್ಡ ರೆಕ್ಕೆಗಳೇ. ಬಾಲದಲ್ಲಿ ದೊಡ್ಡದೊಂದು ರಡ್ಡರ್, ಅಂದರೆ ಎಡಬಲಕ್ಕೆ ತಿರುಗಿಸೋ ಹಲಗೆ, ಬಿಟ್ಟರೆ ಇನ್ನೇನೂ ಇಲ್ಲ.

ಅದು ಫ್ಲೈಯಿಂಗ್ ಫ್ಲೀ. ಫ್ರೆಂಚಿನಲ್ಲಿ ಅದರ ಹೆಸರು ಪೂ ದ್ಯು ಸಿಯೆಲ್, ಅಂದರೆ ಆಕಾಶದ ಹೇನು. ಆನ್ರಿ ಮಿನ್ಯೆ ಅನ್ನೋ ಫ್ರೆಂಚ್ ಆಸಾಮಿ 1933ರಲ್ಲಿ ಹಾರಿಸಿದ ಎಚ್‌ಎಂ-14. ಮನೆಯಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಕಟ್ಟಬಲ್ಲ ಅನ್ನೋದು ಅವನ ವಾದ. ಸಾವಿರಾರು ಜನ ನಂಬಿದರು, ಗ್ಯಾರೇಜುಗಳಲ್ಲಿ ಕಟ್ಟಿದರು, ಒಂದಷ್ಟು ಜನ ಬಿದ್ದು ಸತ್ತೂ ಹೋದರು. 1936ರಲ್ಲಿ ಫ್ರಾನ್ಸ್, ಬ್ರಿಟನ್ ಎರಡೂ ಕಡೆ ಅದರ ಹಾರಾಟಕ್ಕೆ ಕಡಿವಾಣ ಬಿತ್ತು. ಇಷ್ಟೆಲ್ಲ ಚರಿತ್ರೆ ಇರೋ ಹೇನನ್ನು ತಲೆ ಮೇಲೆ ಹಾರಿಸಬೇಕು ಅಂತ ನನಗೆ ಅನ್ನಿಸಿದ್ದಕ್ಕೆ ಕಾರಣ ಹಳದಿ ಕಬ್.

ಭಾನುವಾರ ಬೆಳಗ್ಗೆ ನಾವು ಹಾರಿಸೋ ಬಯಲಿಗೆ ಬಂದರೆ ಹಳದಿ ಬಣ್ಣದ ಪೈಪರ್ ಕಬ್ ಕನಿಷ್ಠ ಮೂರು ಸಿಗುತ್ತವೆ. ಒಳ್ಳೆ ವಿಮಾನ, ಬಯ್ಯೋಕೇನಿಲ್ಲ. ಅವುಗಳ ಪಕ್ಕ ಥರ್ಮೋಕೋಲ್ ಜಾತಿಯ ಫೋಮ್‌ನ ಮಸ್ಟಾಂಗ್ ಯುದ್ಧವಿಮಾನಗಳು. ಡಬ್ಬದಿಂದ ತೆಗಿ, ನಾಲ್ಕು ಸ್ಕ್ರೂ ಹಾಕು, ಬ್ಯಾಟರಿ ಕಟ್ಟು, ಹಾರಿಸು. ಮದುವೆ ಮನೆಯಲ್ಲಿ ಎಲ್ಲರೂ ಒಂದೇ ಅಂಗಡಿಯ ಸೀರೆ ಉಟ್ಟು ಬಂದ ಹಾಗೆ. ನಾನು ಇದಕ್ಕೆ ಬಿದ್ದದ್ದು ಕಾಲೇಜಿನ ಎನ್‌ಸಿಸಿ ಏರ್ ವಿಂಗ್‌ನಲ್ಲಿ. ಬ್ಲೇಡ್, ಬಾಲ್ಸಾ ಅನ್ನೋ ಹಗುರ ಮರ, ಗುಂಡುಪಿನ್ನು, ಬೆರಳಿಗೆ ಅಂಟಿದ ಗಮ್. ಅಲ್ಲಿ ಹಾರೋದು ಕೊನೆಯ ಹತ್ತು ನಿಮಿಷ, ಕಟ್ಟೋದೇ ಮೂರು ತಿಂಗಳು. ಕಟ್ಟೋದನ್ನು ಬಿಟ್ಟು ಬರೀ ಹಾರಿಸೋದು ನನ್ನ ಮಟ್ಟಿಗೆ ಒಗ್ಗರಣೆ ಇಲ್ಲದ ಸಾರು. ಬೇರೆಯವರ ನಾಲಿಗೆ ಬೇರೆ ಇರಬಹುದು.

ಹಾಗಾಗಿ ಯಾರ ಹತ್ತಿರವೂ ಇಲ್ಲದ ಕಿಟ್, ಅಂದರೆ ನಾವೇ ಜೋಡಿಸಿ ಕಟ್ಟೋ ತುಂಡುಗಳ ಡಬ್ಬ, ಹುಡುಕೋ ಚಟ ಹತ್ತಿತು. ಇಂಥ ಕಿಟ್‌ಗಳು ದೊಡ್ಡ ಕಂಪನಿಗಳಲ್ಲಿ ಸಿಗಲ್ಲ ಅನ್ನೋದು ಮೊದಲು ತಿಳಿದ ಸತ್ಯ. ಸಾವಿರ ಡಬ್ಬ ಮಾರಿದರೇ ಅವರಿಗೆ ಗಿಟ್ಟೋದು. ಆಕಾಶದ ಹೇನನ್ನು ಸಾವಿರ ಜನ ಕೊಳ್ಳಲ್ಲ. ಮಾಡೋರು ಯಾರು ಅಂದರೆ ನಿವೃತ್ತರಾದ, ಮನೆಯ ಹಿಂದೆ ಒಂದು ಲೇಸರ್ ಕಟರ್ ಇಟ್ಟುಕೊಂಡ, ಇಮೇಲ್‌ಗೆ ಹನ್ನೆರಡು ದಿನ ಬಿಟ್ಟು ಉತ್ತರ ಕೊಡೋ ಒಬ್ಬಂಟಿ ಮನುಷ್ಯರು. ನನ್ನ ಹೇನು ಬಂದದ್ದು ಇಂಗ್ಲೆಂಡಿನ ಅಂಥ ಒಬ್ಬರಿಂದ. ವರ್ಷಕ್ಕೆ ಇಪ್ಪತ್ತೋ ಮೂವತ್ತೋ ಕಿಟ್ ಮಾಡ್ತಾರಂತೆ. ಇವರು ಕೊಡೋದರಲ್ಲಿ ಹೆಚ್ಚಿನವು ಶಾರ್ಟ್ ಕಿಟ್. ರೆಕ್ಕೆಯ ಪಕ್ಕೆಲುಬಿನಂಥ ರಿಬ್‌ಗಳು, ವಿಮಾನದ ಮೈಗೆ ಆಕಾರ ಕೊಡೋ ಅಡ್ಡಚೌಕಟ್ಟಿನ ಫಾರ್ಮರ್‌ಗಳು, ಹೀಗೆ ಕತ್ತರಿಸೋಕೆ ಕಷ್ಟವಾದ ತುಂಡುಗಳು ಮಾತ್ರ ಡಬ್ಬದಲ್ಲಿರುತ್ತವೆ. ಉದ್ದದ ಕಡ್ಡಿ, ಹಾಳೆ, ಚಕ್ರ, ತಂತಿ ಎಲ್ಲ ನಾವೇ ಹೊಂದಿಸಬೇಕು. ನಮಗೆ ಇದೇ ಲಾಭ. ಮೂರಡಿ ಉದ್ದದ ಬಾಲ್ಸಾ ಕಡ್ಡಿಯನ್ನು ಸಮುದ್ರ ದಾಟಿಸಿದರೆ ಅಂಚೆ ಖರ್ಚೇ ಕಿಟ್‌ನಷ್ಟಾಗುತ್ತೆ, ದಾರಿಯಲ್ಲಿ ಮುರಿಯೋದು ಬೇರೆ.

ಹಳೇ ಡಬ್ಬಗಳ ಹುಡುಕಾಟ ಇನ್ನೊಂದು ದಾರಿ. ಒಂದು ಸಲ ಇಂದಿರಾನಗರದ ಒಂದು ಮನೆ ಖಾಲಿ ಮಾಡೋವಾಗ ಅಟ್ಟದಲ್ಲಿ ಇಂಗ್ಲೆಂಡಿನ ಹಳೇ ಕಿಟ್ ಕಂಪನಿ ಕೀಲ್ ಕ್ರಾಫ್ಟ್‌ನ ಡಬ್ಬ ಇದೆ ಅಂತ ಸ್ನೇಹಿತ ಫೋನ್ ಮಾಡಿದ. ಓಡಿದೆ. ಡಬ್ಬ ಇತ್ತು, ಮೇಲಿನ ಚಿತ್ರ ಫಳಫಳ ಅಂತಿತ್ತು, ಒಳಗೆ ಗೆದ್ದಲು ಸಂಸಾರ ಹೂಡಿತ್ತು. ಉಳಿದ ಹಾಳೆಗಳನ್ನು ನೋಡಿದರೆ ಆ ಕಾಲದ ಡೈ ಕಟಿಂಗ್ ಎಂಥದ್ದು ಅಂತ ಗೊತ್ತಾಯಿತು. ಅಚ್ಚು ಮೊಂಡಾದ ಮೇಲೂ ಒತ್ತಿದ್ದಾರೆ. ರಿಬ್‌ಗಳು ಕತ್ತರಿಸಿದಂತಿಲ್ಲ, ಜಜ್ಜಿದಂತಿವೆ. ಹಳೇ ಕಿಟ್ ಬೇಕೇ ಬೇಕು ಅಂತ ಹಟ ಹಿಡಿಯೋರಿಗೆ ನನ್ನ ಸಲಹೆ: ಡಬ್ಬದ ಚಿತ್ರವನ್ನು ಗೋಡೆಗೆ ಹಾಕಿ, ಪ್ಲಾನ್ ಮಾತ್ರ ಉಪಯೋಗಿಸಿ, ಕಟ್ಟಿಗೆ ಹೊಸದಾಗಿ ಕತ್ತರಿಸಿ.

ಪ್ಲಾನ್ ಅಂದರೆ ಔಟರ್‌ಝೋನ್ ಅನ್ನೋ ಜಾಲತಾಣ ಇದೆ, ಹಳೇ ಮಾಡೆಲ್ ಪ್ಲಾನ್‌ಗಳನ್ನು ಸಾವಿರಗಟ್ಟಲೆ ಪುಕ್ಕಟೆ ಇಟ್ಟಿದ್ದಾರೆ. ಅಲ್ಲಿ ಒಂದು ಸಂಜೆ ಕೂತರೆ ಪ್ಯಾನ್‌ಕೇಕ್ ಆಕಾರದ ವಿಮಾನ, ಬಾಲ ಮುಂದಿರೋ ವಿಮಾನ, ಬಾಲವೇ ಇಲ್ಲದ ವಿಮಾನ ಎಲ್ಲ ಸಿಗುತ್ತವೆ. ಎದ್ದಾಗ ರಾತ್ರಿ ಒಂದೂವರೆ. ಆದರೆ ಒಂದು ಮಾತು. ಪ್ಲಾನ್ ಪ್ರಿಂಟ್ ಹಾಕಿಸಿದ ಮೇಲೆ ಅಂಗಡಿ ಬಿಡೋ ಮುಂಚೆ ಸ್ಕೇಲ್ ಇಟ್ಟು ಅಳೆಯಿರಿ. ನಾನು ಒಮ್ಮೆ ಆರ್ಕಿಟೆಕ್ಟ್‌ಗಳು ಹೋಗೋ ಪ್ಲಾಟರ್ ಅಂಗಡಿಯಲ್ಲಿ ಎ-0 ಹಾಳೆ ಹಾಕಿಸಿದೆ. ಹಾಳೆಗೆ ಹೊಂದಲಿ ಅಂತ ಹುಡುಗ ನೂರಕ್ಕೆ ಮೂರರಷ್ಟು ಕುಗ್ಗಿಸಿದ್ದ. ರೆಕ್ಕೆಯ ರಿಬ್‌ಗಳು ಒಂದು ಪ್ರಿಂಟ್‌ನಿಂದ, ಫ್ಯೂಸ್‌ಲೇಜ್, ಅಂದರೆ ವಿಮಾನದ ಮೈ, ಇನ್ನೊಂದರಿಂದ. ಎರಡು ವಾರ ಕೆಲಸ ಮಾಡಿ ಜೋಡಿಸೋಕೆ ಹೋದರೆ ಅಣ್ಣನ ಮದುವೆಗೆ ತಮ್ಮನ ಕೋಟು. ಅಳೆಯದೇ ತಂದ ನನ್ನ ತಪ್ಪು, ಅವನನ್ನೇನು ಅನ್ನಲಿ.

ಹೇನಿನ ಪಾರ್ಸೆಲ್ ಐದು ವಾರ ದಾರಿಯಲ್ಲಿ ನಿಂತಿತು. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್‌ಗಳ ಆಮದಿಗೆ ನಿಷೇಧ ಇದೆ. ಪೂರ್ತಿ ಜೋಡಿಸಿದ್ದಾಗಲಿ, ಬಿಡಿಬಿಡಿಯಾಗಿ ತಂದು ಇಲ್ಲಿ ಜೋಡಿಸೋದಾಗಲಿ ಆಗಲ್ಲ, ಬಿಡಿಭಾಗಗಳಿಗೆ ಅಡ್ಡಿಯಿಲ್ಲ. ನನ್ನ ಇಂಗ್ಲೆಂಡಿನ ಯಜಮಾನರು ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ರೇಡಿಯೊ ಕಂಟ್ರೋಲ್ ವಿಮಾನ ಅಂತ ಬರೆದಿದ್ದರು. ಒಳಗಿದ್ದದ್ದು ಒಂದು ತಂತಿಯೂ ಇಲ್ಲದ ಮರದ ತುಂಡುಗಳು. ಫೋಟೊ ಕಳಿಸಿ, ಪ್ಲಾನ್ ಕಳಿಸಿ, ಇದರಲ್ಲಿ ಮೋಟರೂ ಇಲ್ಲ ರೇಡಿಯೊನೂ ಇಲ್ಲ ಸ್ವಾಮಿ ಅಂತ ಪತ್ರ ಬರೆದು ಬಿಡಿಸಿಕೊಂಡೆ. ಈಗ ಏನು ತರಿಸಿದರೂ ಒಳಗೆ ಏನಿದೆಯೋ ಅದನ್ನೇ ಬರೆಯಿರಿ ಅಂತ ಮೊದಲೇ ಹೇಳ್ತೀನಿ: ಲೇಸರ್‌ನಲ್ಲಿ ಕತ್ತರಿಸಿದ ಬಾಲ್ಸಾ ತುಂಡುಗಳು.

ಬಾಲ್ಸಾ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೂರಿಂಚು ಅಗಲ, ಮೂವತ್ತಾರು ಇಂಚು ಉದ್ದ, ಹದಿನಾರನೇ ಒಂದಿಂಚು ದಪ್ಪದ ಹಾಳೆಗಳನ್ನು ಒಂದೇ ಕಟ್ಟಿನಿಂದ ತೆಗೆದು ತಕ್ಕಡಿಗೆ ಹಾಕಿ ನೋಡಿ. ನಾನು ಚಿನ್ನ ತೂಗೋ ಥರದ ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟುಕೊಂಡಿದ್ದೀನಿ. ಒಂದು ಹಾಳೆ 11 ಗ್ರಾಂ, ಅದರ ಪಕ್ಕದ್ದು 21 ಗ್ರಾಂ. ಕಣ್ಣಿಗೆ ಎರಡೂ ಒಂದೇ. ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ತೂಕ ಬರೆದಿಡ್ತೀನಿ. ಹಗುರದ್ದೆಲ್ಲ ಬಾಲಕ್ಕೆ, ತೂಕದ್ದು ಮೂತಿ ಕಡೆಗೆ. ಬಾಲದಲ್ಲಿ ಹತ್ತು ಗ್ರಾಂ ಹೆಚ್ಚಾದರೆ ಸಮತೋಲಕ್ಕೆ ಮೂತಿಯಲ್ಲಿ ಮೂವತ್ತು ಗ್ರಾಂ ಸೀಸ ಹೊರಬೇಕಾಗುತ್ತೆ. ಹಾಗೇ ಎಳೆ ನೋಡಬೇಕು. ಕೆಲವು ಹಾಳೆ ಬೆಳಕಿಗೆ ಹಿಡಿದರೆ ಹಾವಿನ ಪೊರೆಯ ಹಾಗೆ ಮಿಂಚುಮಚ್ಚೆ ಕಾಣುತ್ತೆ. ಅದು ಬಗ್ಗಲ್ಲ, ಬಗ್ಗಿಸಿದರೆ ಪಟ್ ಅಂತ ಸೀಳುತ್ತೆ. ರಿಬ್‌ಗೆ ಅದೇ ಬೇಕು. ರೆಕ್ಕೆಯ ಮುಂಚೂಣಿಗೆ ಸುತ್ತೋಕೆ ಬೇರೆ ಜಾತಿ, ಉದ್ದುದ್ದ ಗೆರೆ ಇರೋದು. ಅದು ಒದ್ದೆ ಬಟ್ಟೆ ಮುಟ್ಟಿಸಿದರೆ ಹಪ್ಪಳದ ಹಾಗೆ ಸುರುಳಿಯಾಗುತ್ತೆ. ಅಂಗಡಿಯವರು ಯಾರೂ ಇದನ್ನು ಬೇರೆ ಮಾಡಿ ಮಾರಲ್ಲ. ನಾವೇ ಕಟ್ಟು ಬಿಚ್ಚಿ ಆರಿಸಬೇಕು, ಬೆಂಡೆಕಾಯಿ ತುದಿ ಮುರಿದು ನೋಡೋ ಹಾಗೆ.

ಹೇನಿನ ವಿಚಿತ್ರ ಇರೋದು ಮುಂದಿನ ರೆಕ್ಕೆಯಲ್ಲಿ. ಈ ವಿಮಾನಕ್ಕೆ ಪಕ್ಕಕ್ಕೆ ವಾಲಿಸೋ ಏಲೆರಾನ್ ಇಲ್ಲ, ಮೂತಿ ಎತ್ತಿ ಇಳಿಸೋ ಎಲಿವೇಟರ್ ಇಲ್ಲ. ಮೇಲೆ ಹೋಗಬೇಕಾದರೆ ಮುಂದಿನ ರೆಕ್ಕೆಯೇ ಇಡೀ ಓರೆಯಾಗುತ್ತೆ, ಕಿಟಕಿ ಬಾಗಿಲಿನ ಹಾಗೆ ಒಂದು ಕೀಲಿನ ಮೇಲೆ. ತಿರುಗಬೇಕಾದರೆ ರಡ್ಡರ್ ಮಾತ್ರ. ರೆಕ್ಕೆಯ ತುದಿಗಳು ಮೇಲಕ್ಕೆ ಬಾಗಿರೋದರಿಂದ ವಿಮಾನ ತಾನಾಗೇ ವಾಲಿಕೊಂಡು ತಿರುಗುತ್ತೆ. ನಮ್ಮ ಮಾಡೆಲ್‌ಗೆ ಅಷ್ಟೂ ಕೆಲಸಕ್ಕೆ ಎರಡು ಸರ್ವೊ, ಅಂದರೆ ರೆಕ್ಕೆ, ರಡ್ಡರ್ ಅಲುಗಿಸೋ ಹಲ್ಲುಚಕ್ರದ ಪುಟ್ಟ ಯಂತ್ರ, ಒಂದು ಮೋಟರ್ ಸಾಕು.

ಅಸಲಿ ವಿಮಾನ ಜನರನ್ನು ಕೊಂದದ್ದು ಎರಡು ರೆಕ್ಕೆಯ ನಡುವಿನ ಸಂದಿಯಿಂದ. ಮೂತಿ ಕೆಳಗಾಗಿ ಬೀಳೋವಾಗ ಪೈಲಟ್ ಕೋಲು ಎಳೆದರೆ ಮುಂದಿನ ರೆಕ್ಕೆಯ ಹಿಂಬದಿ ಅಂಚು ಕೆಳಗಿಳಿದು ಹಿಂದಿನ ರೆಕ್ಕೆಗೆ ಹತ್ತಿರವಾಗುತ್ತೆ. ಆ ಕಿರಿದಾದ ಸಂದಿಯಲ್ಲಿ ಗಾಳಿ ಜೋರಾಗಿ ನುಗ್ಗಿ ಹಿಂದಿನ ರೆಕ್ಕೆಯನ್ನೇ ಎತ್ತುತ್ತೆ. ಹಿಂದೆ ಎದ್ದರೆ ಮೂತಿ ಇನ್ನೂ ಕೆಳಕ್ಕೆ. ಎಳೆದಷ್ಟೂ ಬೀಳೋದು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಪೂರ್ತಿ ಗಾತ್ರದ ವಿಮಾನವನ್ನೇ ಗಾಳಿಸುರಂಗದಲ್ಲಿಟ್ಟು ಇದನ್ನು ಪರೀಕ್ಷೆ ಮಾಡಿದರು. ನನ್ನ ಕಿಟ್ ಮಾಡಿದ ಯಜಮಾನರಿಗೆ ಇದು ಗೊತ್ತಿತ್ತು. ಪ್ಲಾನ್‌ನಲ್ಲಿ ಸಂದಿ ಸ್ವಲ್ಪ ಹಿಗ್ಗಿಸಿ, ಸಮತೋಲ ಬಿಂದು ಮುಂದೆ ತಂದು, ಪಕ್ಕದಲ್ಲಿ ಕೈಯಲ್ಲೇ ಬರೆದಿದ್ದರು, ಇದನ್ನು ಬದಲಾಯಿಸಬೇಡಿ ಅಂತ. ಕೆಳಗೆ ಎರಡು ಗೆರೆ.

ನಾನು ಸಂದಿ ಬದಲಾಯಿಸಲಿಲ್ಲ. ಬೇರೆ ಕಡೆ ಎಡವಿದೆ. ಒಂದಿಡೀ ರೆಕ್ಕೆಯ ಭಾರ ಹೊರೋ ಸರ್ವೊಗೆ ಪ್ಲಾಸ್ಟಿಕ್ ಹಲ್ಲಿನದ್ದು ಹಾಕಿದ್ದೆ, ಡ್ರಾಯರಿನಲ್ಲಿ ಇದ್ದದ್ದೇ ಆಯ್ತು ಅಂತ. ಜನವರಿಯ ಒಂದು ಬೆಳಗ್ಗೆ ಮಾಲೂರಿನ ಕಡೆ ಒಂದು ಬಯಲಿಗೆ ಹೋದೆವು. ಬೆಂಗಳೂರೊಳಗೆ ಎಲ್ಲಿ ನಿಂತರೂ ಎಚ್‌ಎಎಲ್, ಜಕ್ಕೂರು, ಯಲಹಂಕ ಯಾವುದಾದರೊಂದು ವಿಮಾನ ನಿಲ್ದಾಣದ ನೆರಳು ಬೀಳುತ್ತೆ. 2021ರ ಡ್ರೋನ್ ನಿಯಮದಲ್ಲಿ ನಮ್ಮಂಥವರಿಗೆ ‘ಮಾಡೆಲ್’ ಅನ್ನೋ ಪ್ರತ್ಯೇಕ ವರ್ಗ ಏನೋ ಇದೆ, 25 ಕಿಲೋ ಒಳಗೆ, ಕಣ್ಣಳತೆಯಲ್ಲೇ ಹಾರಿಸಬೇಕು ಅಂತ. ಆದರೂ ಹಾರಿಸಬಹುದಾದ ವಲಯವೇ ಅಂತ ನಕ್ಷೆಯಲ್ಲಿ ನೋಡದೆ ಬ್ಯಾಟರಿ ಕಟ್ಟಬಾರದು. ಮೊದಲ ಸಲ ಚೆನ್ನಾಗೇ ಹಾರಿತು. ಹಾರಿತು ಅನ್ನೋದಕ್ಕಿಂತ ಕುಪ್ಪಳಿಸಿತು. ಸ್ಟಿಕ್ ಒಂದು ಎಳ್ಳಿನಷ್ಟು ಎಳೆದರೆ ಲಿಫ್ಟ್‌ನಲ್ಲಿ ಕೂತ ಹಾಗೆ ಮೇಲಕ್ಕೆ. ಎರಡನೇ ಸುತ್ತಿನಲ್ಲಿ ಮುಂದಿನ ರೆಕ್ಕೆ ನಡುಗೋಕೆ ಶುರುವಾಯಿತು, ಕಿರ್ ಅಂತ ಸದ್ದು ಕೆಳಗಿನವರೆಗೂ ಕೇಳಿಸಿತು. ಹಲ್ಲು ಉದುರುತ್ತಿದೆ ಅಂತ ಗೊತ್ತಾಯಿತು. ಥ್ರಾಟಲ್ ಇಳಿಸಿದೆ, ಹೇನು ತಾನೇ ನಿರ್ಧಾರ ಮಾಡಿ ಪಕ್ಕದ ರಾಗಿ ಹೊಲದ ಕೂಳೆಯಲ್ಲಿ ಇಳಿದು ಎರಡು ಪಲ್ಟಿ ಹೊಡೆಯಿತು. ಬದುವಿನ ಮೇಲೆ ಕೂತಿದ್ದ ಅಜ್ಜ ಎದ್ದು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು: “ಏನ್ ಸಾಮಿ, ಇದು ಮುಂದಕ್ಕೆ ಹೋಗ್ತದೋ, ಹಿಂದಕ್ಕೋ?”

ಪ್ರೊಪೆಲ್ಲರ್ ಒಂದು, ಚಕ್ರದ ತಂತಿ ಒಂದು, ನಾಲ್ಕು ರಿಬ್. ಲೋಹದ ಹಲ್ಲಿನ ಸರ್ವೊ ಹಾಕಿ, ರೇಡಿಯೊದಲ್ಲಿ ರೆಕ್ಕೆಯ ಓಡಾಟ ಅರ್ಧಕ್ಕೆ ಕಟ್ಟಿಹಾಕಿದ ಮೇಲೆ ಹೇನು ಸಾಧುವಾಯಿತು. ಈಗಲೂ ಪಕ್ಕದ ಗಾಳಿ ಬೀಸಿದರೆ ಡಬ್ಬದಿಂದ ತೆಗೆಯಲ್ಲ.

ಇದನ್ನೆಲ್ಲ ಮನೆಯ ಒಂದು ಮೂಲೆಯಿಂದ ನೋಡ್ತಾ ಇದ್ದವರು ಅಪ್ಪ. ಅಪ್ಪನಿಗೆ 84. ಎಚ್‌ಎಎಲ್‌ನಲ್ಲಿ ರಿವೆಟ್ ಹೊಡೆದ ಕೈ. ನ್ಯಾಟ್ ಯುದ್ಧವಿಮಾನಕ್ಕೆ ಹೊಡೆದಿದ್ದಾರೆ, ಮಾರುತ್ ಯುದ್ಧವಿಮಾನಕ್ಕೆ ಹೊಡೆದಿದ್ದಾರೆ. ಕಿವಿ ಮಂದವಾದದ್ದೂ ಅದರಿಂದಲೇ. ನನ್ನ ಆಟದ ಬಗ್ಗೆ ಅವರು ಹೆಚ್ಚು ಮಾತಾಡಿದವರಲ್ಲ. ಹೇನನ್ನು ರಿಪೇರಿ ಮಾಡ್ತಾ ಕೂತ ದಿನ ಮಾತ್ರ ಪೇಪರ್ ಮಡಿಸಿಟ್ಟು ಅಂದರು, “ಫ್ರಾನ್ಸಿನವರದ್ದು ಕಟ್ಟಿದೆ, ಇಂಗ್ಲೆಂಡಿನವರದ್ದು ಕಟ್ಟಿದೆ. ನಮ್ಮ ಎಚ್‌ಟಿ-2 ಯಾಕೋ ಕಟ್ಟಲಿಲ್ಲ?”

ಕಿಟ್ ಸಿಗಲ್ಲಪ್ಪ ಅಂದೆ. “ಸಿಗಲ್ಲ ಅಂದ್ರೆ?” ಅಂದರು.

ಹುಡುಕಿದೆ. ನಿಜಕ್ಕೂ ಸಿಗಲಿಲ್ಲ. ಎಚ್‌ಟಿ-2 ನಮ್ಮ ದೇಶದಲ್ಲೇ ವಿನ್ಯಾಸವಾಗಿ ಕಾರ್ಖಾನೆಯಲ್ಲಿ ಸಾಲಾಗಿ ತಯಾರಾದ ಮೊದಲ ವಿಮಾನ. 1951ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲೇ ಮೊದಲು ಹಾರಿದ್ದು. ವಿನ್ಯಾಸದ ಮುಖ್ಯಸ್ಥ ವಿ. ಎಂ. ಘಾಟಗೆ, ಜರ್ಮನಿಯ ಗಟಿಂಗನ್‌ನಲ್ಲಿ ಹೆಸರಾಂತ ವಾಯುವಿಜ್ಞಾನಿ ಪ್ರಾಂಟ್ಲ್ ಕೈಕೆಳಗೆ ಓದಿ ಬಂದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್) ವಿಮಾನ ವಿಭಾಗ ಕಟ್ಟಿದವರು. ಎಷ್ಟೋ ತಲೆಮಾರಿನ ವಾಯುಪಡೆಯ ಹುಡುಗರು ಹಾರೋದು ಕಲಿತದ್ದು ಅದರಲ್ಲಿ. ಘಾನಾ ದೇಶದ ವಾಯುಪಡೆಗೂ ಹನ್ನೆರಡು ಹೋದವು. ಅಷ್ಟು ದೊಡ್ಡ ಮನೆತನದ ವಿಮಾನಕ್ಕೆ ಒಂದು ಕಿಟ್ ಇಲ್ಲ. ಜರ್ಮನಿಯಲ್ಲಿ ನಾಲ್ಕೇ ನಾಲ್ಕು ತಯಾರಾದ ಗ್ಲೈಡರ್‌ಗೂ ಕಿಟ್ ಕತ್ತರಿಸೋ ಒಬ್ಬ ಮುದುಕಪ್ಪ ಇರ್ತಾನೆ. ನಮಗೆ ಆ ಮುದುಕಪ್ಪ ಇನ್ನೂ ಹುಟ್ಟಿಲ್ಲ, ಅಥವಾ ಇನ್ನೂ ನಿವೃತ್ತನಾಗಿಲ್ಲ.

ಮೊದಲು ಸುಲಭದ ದಾರಿ ಯೋಚಿಸಿದೆ. ಎಚ್‌ಟಿ-2 ದೂರದಿಂದ ಡಿ ಹ್ಯಾವಿಲೆಂಡ್ ಚಿಪ್‌ಮಂಕ್ ಥರವೇ. ಕೆಳಗೆ ರೆಕ್ಕೆ, ಒಬ್ಬರ ಹಿಂದೊಬ್ಬರು ಕೂರೋ ಎರಡು ಸೀಟು, ಬಾಲದಲ್ಲಿ ಪುಟ್ಟ ಚಕ್ರ. ಎರಡರಲ್ಲೂ ನಾಲ್ಕು ಸಿಲಿಂಡರ್ ತಲೆಕೆಳಗಾಗಿ ಒಂದೇ ಸಾಲಿನಲ್ಲಿ ನಿಲ್ಲೋ ಎಂಜಿನ್, ಹಾಗಾಗಿ ಮೂತಿ ಸಪೂರ. ರೆಕ್ಕೆ ಅಳತೆಯೂ ಹತ್ತಿರ ಹತ್ತಿರ: ಚಿಪ್‌ಮಂಕ್ 34 ಅಡಿ 4 ಇಂಚು, ಎಚ್‌ಟಿ-2 35 ಅಡಿ 2 ಇಂಚು. ಚಿಪ್‌ಮಂಕ್ ಕಿಟ್ ಬೇಕಾದಷ್ಟಿವೆ. ಒಂದು ತರಿಸಿ ಬಾಲ ಬದಲಾಯಿಸಿ ಬಣ್ಣ ಬಳಿದರೆ ಯಾರಿಗೆ ಗೊತ್ತಾಗುತ್ತೆ? ಪ್ಲಾನ್ ತಂದು ಅಪ್ಪನ ಮುಂದೆ ಹರಡಿದೆ. ಕನ್ನಡಕ ಹಾಕಿಕೊಂಡು ಒಂದು ನಿಮಿಷ ನೋಡಿ ಅಂದರು, “ಇದು ನಮ್ದಲ್ಲ.” ಅಷ್ಟೇ. ಹಾಳೆ ಸುತ್ತಿಟ್ಟೆ.

ಹಾಗಾಗಿ ಕಿಟ್ ಹುಡುಕೋದು ಬಿಟ್ಟು ಕಿಟ್ ಮಾಡೋಕೆ ಕೂತೆ. ಆರನೇ ಒಂದು ಅಳತೆ, ರೆಕ್ಕೆ 70 ಇಂಚು. ಮೂರು ಕಡೆಯಿಂದ ಕಾಣೋ ಚಿತ್ರ ಸಿಕ್ಕಿತು. ಆದರೆ ಅಂಥ ಚಿತ್ರದಲ್ಲಿ ಹೊರಗೆರೆ ಇರುತ್ತೆ, ಹೊಟ್ಟೆಯ ಉಬ್ಬು ಇರಲ್ಲ. ಅದಕ್ಕೆ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋದೆವು, ಅಪ್ಪನೂ ನಾನೂ. ಟೇಪು ಹಿಡಿದು ವಿಮಾನದ ಮೈಮೇಲೆ ಹತ್ತೋಕಾಗುತ್ತಾ? ಅಪ್ಪನ ಊರುಗೋಲಿಗೆ ಮನೆಯಲ್ಲೇ ಇಂಚಿಂಚಿಗೂ ಬಿಳಿ ಟೇಪಿನ ಪಟ್ಟಿ ಸುತ್ತಿದ್ದೆ, ಒಟ್ಟು 34 ಪಟ್ಟಿ. ಅವರು ಮೂತಿಯ ಪಕ್ಕ, ಕಾಕ್‌ಪಿಟ್ ಪಕ್ಕ, ಬಾಲದ ಪಕ್ಕ ಕೋಲು ನೆಟ್ಟಗೆ ಹಿಡಿದು ನಿಲ್ಲೋದು, ನಾನು ದೂರ ಹೋಗಿ ಜೂಮ್ ಮಾಡಿ ಫೋಟೊ ತೆಗೆಯೋದು. ಹತ್ತಿರದಿಂದ ತೆಗೆದರೆ ಅಂಚುಗಳು ಬಾಗಿ ಕಾಣ್ತವೆ, ಅಳತೆ ತಪ್ಪುತ್ತೆ. ಕೋಲಿನ ಪಟ್ಟಿ ಎಣಿಸಿದರೆ ಪ್ರತಿ ಫೋಟೊದಲ್ಲೂ ಸ್ಕೇಲ್ ತಾನೇ ಸಿಗುತ್ತೆ. ನಡುವೆ ಒಬ್ಬ ಶಾಲೆ ಹುಡುಗ ಬಂದು, ತಾತ ನೀವು ಇದನ್ನ ಓಡಿಸಿದ್ದೀರಾ ಅಂತ ಕೇಳಿದ. ಅಪ್ಪನಿಗೆ ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲ. ಹೂಂ ಅಂದುಬಿಟ್ಟರು. ನಾನು ತಿದ್ದಲಿಲ್ಲ.

ಈಗ ರೆಕ್ಕೆ ಮುಗಿದಿದೆ. ರಿಬ್‌ಗಳನ್ನು ಕಂಪ್ಯೂಟರ್‌ನಲ್ಲಿ ಬಿಡಿಸಿ, ಪೀಣ್ಯದಲ್ಲಿ ಅಕ್ರಿಲಿಕ್ ಬೋರ್ಡ್ ಕತ್ತರಿಸೋ ಒಂದು ಶೆಡ್ಡಿನಲ್ಲಿ ಲೇಸರ್ ಮಾಡಿಸಿದೆ. ಆ ಹುಡುಗ ಬಾಲ್ಸಾ ಕೈಯಲ್ಲಿ ಹಿಡಿದು, ಸರ್ ಇದರಲ್ಲಿ ತೂಕವೇ ಇಲ್ಲ, ಮೋಸ ಹೋಗಿದ್ದೀರಿ ಅಂದ. ಮೊದಲ ಹಾಳೆ ಹೆಚ್ಚು ಪವರ್ ಕೊಟ್ಟು ಸುಟ್ಟ, ಎರಡನೇದರಿಂದ ಸರಿಹೋಯ್ತು.

ಉಳಿದಿರೋದು ಮೂತಿ. ಬಾಲ್ಸಾ ದಿಮ್ಮಿ ಅಂಟಿಸಿ, ಒಳಗೆ ಮೋಟರಿಗೆ ಟೊಳ್ಳು ತೆಗೆದು, ಹೊರಗೆ ಉಜ್ಜುತ್ತಾ ಇದ್ದೀನಿ. ಸಂಜೆ ಕಾಫಿ ಆದ ಮೇಲೆ ಅಪ್ಪನ ಕೈಗೆ ಕೊಡ್ತೀನಿ. ಅವರು ಫೋಟೊ ನೋಡಲ್ಲ. ಕಣ್ಣು ಮುಚ್ಚಿ, ಹೆಬ್ಬೆರಳನ್ನು ಕಾಕ್‌ಪಿಟ್ ಮುಚ್ಚೋ ಕ್ಯಾನೊಪಿಯ ಕಡೆಯಿಂದ ಮುಂದಕ್ಕೆ ಸವರಿಕೊಂಡು ಬಂದು, ಪ್ರೊಪೆಲ್ಲರ್‌ಗೆ ಎರಡಿಂಚು ಹಿಂದೆ ನಿಲ್ಲಿಸ್ತಾರೆ. “ಇಲ್ಲಿ ಇನ್ನೂ ತಗಿ” ಅಂತಾರೆ. ನಿನ್ನೆ ದೀಪಕ್ಕೆ ಹಿಡಿದು ನೋಡಿದೆ. ಆ ಜಾಗದಲ್ಲಿ ಮರ ಎಷ್ಟು ತೆಳ್ಳಗಾಗಿದೆ ಅಂದರೆ ಆಚೆ ಬೆಳಕು ಕೆಂಪಗೆ ಕಾಣುತ್ತೆ. ಒಳಗಡೆ ಗಾಜಿನ ಬಟ್ಟೆ, ಎಪಾಕ್ಸಿ ಹಾಕಿ ಗಟ್ಟಿ ಮಾಡಿಕೊಂಡು ಆಮೇಲೆ ಉಜ್ಜಬೇಕು.

ಯಾರ ಮನೆಯಲ್ಲಾದರೂ ಎಚ್‌ಟಿ-2 ಮುಂದೆ ನಿಂತು ತೆಗೆಸಿಕೊಂಡ ಹಳೇ ಫೋಟೊ ಇದ್ದರೆ, ಅದರಲ್ಲೂ ಎಂಜಿನ್ ಕವಚದ ಕೆಳಭಾಗ ಕಾಣೋ ಥರದ್ದು, ದಯವಿಟ್ಟು ಒಂದು ಪ್ರತಿ ಕಳಿಸಿ. ಜನ ಅಡ್ಡ ನಿಂತಿದ್ದರೂ ಪರವಾಗಿಲ್ಲ. ಅವರ ಎತ್ತರ ಎಷ್ಟು ಅಂತ ಮಾತ್ರ ಬರೆಯಿರಿ.